ಹೆಪ್ಪಿನ ದಪ್ಪ

ನೂರಾ ಹನ್ನೆರಡು ಜನ ನಾವು, ಹೌಕಿಯಾರ್ವಿಯ ಸುತ್ತ.
ಫಿನ್ಲೆಂಡಿನ ಭೂಪಟದಲ್ಲಿ ಈ ಸರೋವರ ಒಂದು ನೊಣದ ಹಿಕ್ಕೆ.
ಎದುರುಬದುರು ಕಂಡವರು ಕಡಿಮೆ, ಫೋನಿನಲ್ಲಿ ದಿನವೂ ಭೇಟಿ.
ನವೆಂಬರಿನಿಂದ ಏಪ್ರಿಲ್‌ವರೆಗೆ ಎಲ್ಲರದೂ ಒಂದೇ ಪ್ರಶ್ನೆ:
ಇವತ್ತು ನೀರಿನ ಮೇಲೆ ನಡೆಯಬಹುದೆ?

ಉತ್ತರ ಬರೆಯುವವನು ಆರ್ಮಸ್.
ಬೆಳಗಿನ ಆರೂಕಾಲಿಗೆ, ಕತ್ತಲಲ್ಲೇ,
ಬೈರಿಗೆಯಿಂದ ಹೆಪ್ಪು ಕೊರೆದು, ಕೋಲಿಳಿಸಿ ಅಳೆದು:
"ದೋಣಿಕಟ್ಟೆ, ಹತ್ತೊಂಬತ್ತು. ನಡುಗಡ್ಡೆ, ಹದಿನಾಲ್ಕು.
ಸಾಮಿಲ್ಲಿನ ಬಾಯಿ, ಏಳು. ಬೇಡ."
ಅಷ್ಟೇ. ನಮಸ್ಕಾರವಿಲ್ಲ, ನಗುವ ಹಳದಿ ಗುಂಡು ಮುಖವಿಲ್ಲ.
ಹನ್ನೊಂದು ವರ್ಷದಿಂದ ಅದೇ ಸಾಲು,
ಕಿರಾಣಿ ಚೀಟಿಯ ಹಾಗೆ.

ಜನವರಿಯಲ್ಲಿ ಯಾರೋ ಅಂದರು:
ವರ್ಷದ ಅಚ್ಚುಮೆಚ್ಚಿನವರನ್ನು ಆರಿಸೋಣ.
ಬೇಡ ಎಂದ ಓಸ್ಮೊ. "ಶಾಲೆ ಬಿಟ್ಟು ನಲವತ್ತು ವರ್ಷವಾಯಿತು.
ಆಟಕ್ಕೆ ತಂಡ ಕಟ್ಟುವಾಗ ಕಟ್ಟಕಡೆಗೆ ಉಳಿದ ಹುಡುಗ
ಇನ್ನೂ ನನ್ನೊಳಗೆ ನಿಂತೇ ಇದ್ದಾನೆ."
ಆ ಮಾತಿಗೆ ಮೂವತ್ತೆಂಟು ಹೃದಯ ಬಿದ್ದವು.
ಬೇಡವೆಂದವನೇ ಆ ವಾರ ಜನಪ್ರಿಯ.

ಬೇಕು ಎಂದವಳು ನಾನು. ಸುಳ್ಳೇಕೆ.
ಸೂರ್ಯ ಹತ್ತಕ್ಕೆ ಬಂದು ಮೂರಕ್ಕೆ ಮನೆಗೆ ಹೊರಡುವ ಊರು,
ಒಂದು ಕೇಕು, ನಾಲ್ಕು ಚಪ್ಪಾಳೆ, ಯಾರಪ್ಪನ ಗಂಟು ಹೋಗುತ್ತದೆ?
ಶಾಲೆಯ ಅಡುಗೆಮನೆಯಲ್ಲಿ ನಾನ್ನೂರು ತಟ್ಟೆ ತೊಳೆದು
ಬೆರಳೊರೆಸಿಕೊಂಡು ನಾನೂ ದಿನಾ ಏನಾದರೊಂದು ಬರೆಯುತ್ತೇನಲ್ಲ,
ನನ್ನ ಹೆಸರೂ ಯಾರ ಬಾಯಲ್ಲಾದರೂ ಬಂದೀತೆಂಬ ಆಸೆ.
ಎಣಿಸುವ ಕೆಲಸ ನನಗೇ ಕೊಟ್ಟರು.

ಸೈಮಿಗೆ ನಲವತ್ತೊಂದು: ಅವಳ ನಾಯಿ ನಪ್ಪಿ
ಹಿಮದ ಗುಡ್ಡೆಯಿಂದ ತಲೆಕೆಳಗಾಗಿ ಜಾರಿತ್ತಲ್ಲ, ಅದಕ್ಕೆ.
ಓಸ್ಮೊಗೆ ಇಪ್ಪತ್ತು, ಬೇಡ ಬೇಡವೆಂದರೂ.
ನನಗೆ ನಾಲ್ಕು. ಒಂದು ನನ್ನದೇ.
ಸೊನ್ನೆ ಬಂದವರು ಬಹಳ ಮಂದಿ, ಕಣ್ಣು ಮಾತ್ರ
ಒಂದೇ ಸೊನ್ನೆಯ ಮುಂದೆ ನಿಂತಿತು.
ನಮ್ಮ ನುಡಿಯಲ್ಲಿ ಆರ್ಮಸ್ ಎಂದರೆ ಪ್ರಿಯ.
ಹೆಸರಿಟ್ಟ ತಾಯಿಯ ಮತ ಎಂದೋ ಬಿದ್ದಾಗಿತ್ತು,
ಅದನ್ನು ಯಾವ ಸಾಲಿಗೆ ಸೇರಿಸಲಿ?

ಎಲ್ಲ ಪಾರದರ್ಶಕವಾಗಿರಲಿ ಎಂದು ಪೂರ್ತಿ ಪಟ್ಟಿ ಹಾಕಿದೆ.
ಪಾರದರ್ಶಕ!
ಅಡಿಯಲ್ಲಿ ಮೀನು ಕಾಣುವಷ್ಟು ತಿಳಿ.
ಬೀಳುವವನಿಗೆ ಅದರಿಂದೇನು.

ಆ ರಾತ್ರಿ ನಿದ್ದೆ ಹತ್ತಲಿಲ್ಲ.
ಆರೂಕಾಲು. ಆರೂವರೆ. ಏಳಕ್ಕೆ ಹತ್ತು.
ನೂರಾ ಹನ್ನೊಂದು ಜನವೂ ಆ ಖಾಲಿ ಜಾಗ ನೋಡುತ್ತ ಕೂತಿದ್ದೆವೇನೋ,
ಒಬ್ಬರೂ ತುಟಿ ಬಿಚ್ಚಲಿಲ್ಲ.
ಆಮೇಲೆ ಬಂತು:
"ಬೈರಿಗೆ ಮೊಂಡಾಗಿತ್ತು. ಸಾಣೆ ಹಿಡಿದೆ. ತಡವಾಯಿತು.
ದೋಣಿಕಟ್ಟೆ, ಮೂವತ್ತೊಂದು. ನಡುಗಡ್ಡೆ, ಇಪ್ಪತ್ತಾರು.
ಸಾಮಿಲ್ಲಿನ ಬಾಯಿ, ಎಂಟು. ಬೇಡ."

ಒಂದೇ ಉಸಿರಿಗೆ ತೊಂಬತ್ತು ಹೃದಯ ಸುರಿದವು.
ನೋಡಿದನೋ ಇಲ್ಲವೋ; ಕೈಗವಸು ತೆಗೆದರೆ ತಾನೆ.
ಮಾರನೆಯ ದಿನ ಹನ್ನೆರಡು.
ವಾರ ಕಳೆಯುವುದರೊಳಗೆ ಎಂದಿನಂತೆ ಒಂದೂ ಇಲ್ಲ.

ನಪ್ಪಿಗೀಗ ಕಾಗದದ ಕಿರೀಟ.
ದಿನಕ್ಕೆ ಆರು ಸಲ ಅದೇ ಗುಡ್ಡೆ ಹತ್ತಿಸುತ್ತಾಳೆ ಸೈಮಿ.
ಪಾಪ, ಜಾರುವುದು ಮರೆತಿದೆ ಅದಕ್ಕೆ,
ಒಂದೊಂದೇ ಕಾಲಿಟ್ಟು ಹುಷಾರಾಗಿ ಇಳಿಯುತ್ತದೆ.

ನಿನ್ನೆ ಸಂಜೆ ನಡುಗಡ್ಡೆಯ ಅಕ್ಕನ ಮನೆಗೆ ಹೊರಟಿದ್ದೆ,
ಕಂಕುಳಲ್ಲಿ ಬಿಸಿ ರೈ ಬ್ರೆಡ್ಡು.
ದಾರಿಯಲ್ಲಿ ಅವನು ಕೊರೆದ ತೂತು, ಆಗಲೇ ಮಾಯ್ದಿತ್ತು;
ಯಾರೂ ಎಡವದಿರಲೆಂದು ಪಕ್ಕಕ್ಕೊಂದು ಕಡ್ಡಿ ನೆಟ್ಟಿದ್ದ.
ಅಲ್ಲೇ ಸ್ವಲ್ಪ ಹೊತ್ತು ನಿಂತೆ.
ನನ್ನ ತೂಕ ಎಪ್ಪತ್ತೆರಡು ಕಿಲೊ, ಬ್ರೆಡ್ಡಿನದು ಬೇರೆ.
ಹೆಪ್ಪು ಕಮಕ್ ಕಿಮಕ್ ಅನ್ನಲಿಲ್ಲ.